ಗರಗಸಕ್ಕೂ ಒಂದು ಕಾಲ ಇರಲಿ: ಬೆಂಗಳೂರಿನ ಪಾರ್ಕುಗಳನ್ನು ನೋಡಿಕೊಳ್ಳುವವರಿಗೆ ಬಹಿರಂಗ ಪತ್ರ

ತೋಟಗಾರಿಕೆ ಇಲಾಖೆಯ ಅಧಿಕಾರಿಗಳಿಗೆ, ಪಾಲಿಕೆಗಳ ವೃಕ್ಷಾಧಿಕಾರಿಗಳಿಗೆ, ಬೆಳಗಾದರೆ ಪಾರ್ಕಿಗೆ ಬರುವ ಎಲ್ಲರಿಗೂ ನಮಸ್ಕಾರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಪಾರ್ಕಿನ ದೊಡ್ಡ ಮರಗಳ ಕೊಂಬೆ ಸವರುವ ಕೆಲಸವನ್ನು ಡಿಸೆಂಬರ್‌ನಿಂದ ಜೂನ್‌ವರೆಗೆ ನಿಲ್ಲಿಸಿ. ಆ ಕೆಲಸ ಜುಲೈಯಿಂದ ನವೆಂಬರ್ ಒಳಗೆ ಮುಗಿಯಲಿ. ನಡುವೆ ತೀರಾ ಅಪಾಯದ ಕೊಂಬೆ ಕಂಡರೆ ಅದೊಂದನ್ನೇ ತೆಗೆಯಿರಿ. ತೆಗೆಯುವ ಮುಂಚೆ ಆ ಮರದಲ್ಲಿ ಗೂಡು ಇದೆಯಾ ಅಂತ ಹಕ್ಕಿ ಗೊತ್ತಿರುವ ಒಬ್ಬರು ಕೆಳಗೆ ನಿಂತು ನೋಡಲಿ. ಇದಿಷ್ಟೇ ನನ್ನ ಬೇಡಿಕೆ. ಕಾರಣ ಹೇಳುವುದಕ್ಕೆ ಮಾತ್ರ ಸ್ವಲ್ಪ ಉದ್ದ ಬರೆಯಬೇಕು.

ಬೇಟೆ ಹಕ್ಕಿಗಳು ಕಾಡಿಗೆ ಸೇರಿದವು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆದರೆ ಬೆಂಗಳೂರಿನ ನೆತ್ತಿಯ ಮೇಲೆ ದಿನವಿಡೀ ಸುತ್ತುವುದೇ ಹದ್ದು. ಕೆರೆಗಳ ಹತ್ತಿರ ಬಿಳಿ ತಲೆ, ಇಟ್ಟಿಗೆ ಬಣ್ಣದ ಮೈಯ ಗರುಡ. ಮರಗಳ ನಡುವೆ ನುಸುಳಿ ಅಳಿಲು, ಓತಿಕ್ಯಾತ, ಸಣ್ಣ ಹಕ್ಕಿ ಹಿಡಿಯುವುದು ಶಿಕ್ರಾ, ಹೆಚ್ಚುಕಡಿಮೆ ಪಾರಿವಾಳದಷ್ಟೇ ಇರುವ ಗಿಡುಗ. ಸಂಜೆಯಾದರೆ ಪೊಟರೆಯಿಂದ ಹೊರಬರುವ ಪುಟ್ಟ ಗೂಬೆ ಹಾಲಕ್ಕಿ. ಇವುಗಳಿಗೆ ಬೆಂಗಳೂರು ಬರೀ ಬೇಟೆಯಾಡುವ ಜಾಗವಲ್ಲ. ಮೊಟ್ಟೆ ಇಡುವುದೂ ಇಲ್ಲೇ, ಮರಿಗೆ ಹಾರಾಟ ಕಲಿಸುವುದೂ ಇಲ್ಲೇ. ಅದಕ್ಕೆ ಬೇಕಾದ ದೊಡ್ಡ ಮರಗಳು ನಗರದಲ್ಲಿ ಒಟ್ಟಾಗಿ ಉಳಿದಿರುವುದು ಪಾರ್ಕುಗಳಲ್ಲಿ. ಕಬ್ಬನ್ ಪಾರ್ಕು ಶುರುವಾದದ್ದು 1870ರಲ್ಲಿ. ಈಗ ಅದು ಸುಮಾರು 300 ಎಕರೆ. ಲಾಲ್‌ಬಾಗ್ ಇನ್ನೂ ನೂರು ವರ್ಷ ಹಳೆಯದು, 240 ಎಕರೆ. ಅಲ್ಲಿನ ಮರಗಳ ವಯಸ್ಸೇ ಆ ಹಕ್ಕಿಗಳ ಆಸ್ತಿ.

ಗೂಡಿನ ಜಾಗವನ್ನು ಹಕ್ಕಿ ಹೇಗೆ ಆರಿಸುತ್ತದೆ ಅನ್ನುವುದು ಇಲ್ಲಿ ಮುಖ್ಯ. ಅದು ಗೊತ್ತಾದರೆ ನಾವು ಏನು ಕಡಿಯುತ್ತಿದ್ದೇವೆ ಅನ್ನುವುದೂ ಗೊತ್ತಾಗುತ್ತದೆ.

ಹದ್ದನ್ನೇ ತೆಗೆದುಕೊಳ್ಳಿ. ಅದರ ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಸುಮಾರು ಐದು ಅಡಿ. ಅಷ್ಟು ಅಗಲದ ರೆಕ್ಕೆ ಇಟ್ಟುಕೊಂಡು ದಟ್ಟ ಎಲೆಗಳ ಒಳಗೆ ನುಗ್ಗುವುದಕ್ಕೆ ಆಗುವುದಿಲ್ಲ. ಹಾಗಾಗಿ ಅದಕ್ಕೆ ಬೇಕಾದದ್ದು ಎತ್ತರದ ಮರ, ಕನಿಷ್ಠ ಒಂದು ಪಕ್ಕ ರಸ್ತೆಗೋ ಬಯಲಿಗೋ ತೆರೆದುಕೊಂಡ ಮರ. ಗಾಳಿಯ ಮೇಲೆ ತೇಲಿ ಬಂದು ನೇರ ಗೂಡಿಗೆ ಇಳಿಯಬೇಕು. ಮರದ ಮೇಲ್ಭಾಗದಲ್ಲಿ ಗಟ್ಟಿಯಾದ ಕವಲು ಬೇಕು. ಹದ್ದಿನ ಗೂಡೆಂದರೆ ಒರಟು ಕಡ್ಡಿಗಳ ಒಂದು ಅಟ್ಟ. ನಡುವೆ ಚಿಂದಿ ಬಟ್ಟೆ, ಕಾಗದ, ಪ್ಲಾಸ್ಟಿಕ್ ಚೂರು. ಒಳ್ಳೆಯ ಕವಲು ಇಲ್ಲದಿದ್ದರೆ ಇದೆಲ್ಲ ಏಪ್ರಿಲ್‌ನ ಮೊದಲ ಗಾಳಿಗೇ ಕೆಳಗೆ ಬೀಳುತ್ತದೆ. ಒಳ್ಳೆಯ ಕವಲು ಸಿಕ್ಕಿದ ಜೋಡಿ ಅದನ್ನು ಸುಲಭಕ್ಕೆ ಬಿಡುವುದಿಲ್ಲ. ಮುಂದಿನ ವರ್ಷ ಹಳೆಯ ಗೂಡಿನ ಮೇಲೇ ಹೊಸ ಕಡ್ಡಿ ಜೋಡಿಸುತ್ತದೆ. ಆಗಸ್ಟ್‌ನಲ್ಲಿ ಖಾಲಿ ಬಿದ್ದಿರುವ ಗೂಡು ಕಸವಲ್ಲ, ಜನವರಿಗೆ ಮಾಲೀಕರು ವಾಪಸು ಬರುತ್ತಾರೆ. ಅದಕ್ಕೇ ಹಳೆಯ ಗೂಡನ್ನೂ ಕೀಳಬೇಡಿ ಅಂತ ಕೇಳುತ್ತಿದ್ದೇನೆ.

ಗೂಡಿನಲ್ಲಿರುವ ಪ್ಲಾಸ್ಟಿಕ್ ನೋಡಿ 'ಪಾಪ, ಕಸ ತಂದು ಹಾಕಿಕೊಂಡಿದೆ' ಅನ್ನುವವರಿದ್ದಾರೆ. ಸ್ಪೇನಿನ ದೊನ್ಯಾನಾ ರಾಷ್ಟ್ರೀಯ ಉದ್ಯಾನದಲ್ಲಿ ಇದೇ ಜಾತಿಯ ಹದ್ದುಗಳನ್ನು ಗಮನಿಸಿದ ವಿಜ್ಞಾನಿಗಳು 2011ರಲ್ಲಿ ಬೇರೆಯದೇ ಸಂಗತಿ ಹೇಳಿದರು. ಅಲ್ಲಿನ ಹದ್ದುಗಳು ಬಿಳಿ ಪ್ಲಾಸ್ಟಿಕ್ ಅನ್ನು ಬೇಕೆಂದೇ ಆರಿಸಿ ತರುತ್ತವೆ. ಒಳ್ಳೆಯ ಜಾಗ ಹಿಡಿದಿರುವ, ಮೈಯಲ್ಲಿ ಕಸುವಿರುವ ಜೋಡಿಗಳು ಗೂಡಿನಲ್ಲಿ ಅದನ್ನು ಜಾಸ್ತಿ ಹರಡುತ್ತವೆ. ಈ ಜಾಗ ನಮ್ಮದು, ಕಾಯುವ ತಾಕತ್ತೂ ನಮಗಿದೆ ಅಂತ ಬೇರೆ ಹದ್ದುಗಳಿಗೆ ಸಾರುವ ಬಗೆ ಅದು. ಒಂದು ಕವಲಿಗೆ ಅಷ್ಟು ಬೆಲೆ ಇದೆ.

ಇನ್ನು ಊಟದ ಲೆಕ್ಕ. ದೆಹಲಿಯಲ್ಲಿ 1967ರಲ್ಲೇ ಒಂದು ಎಣಿಕೆ ನಡೆದಿತ್ತು. 150 ಚದರ ಕಿಲೋಮೀಟರಿನಲ್ಲಿ ಸುಮಾರು 2200 ಜೋಡಿ ಹದ್ದು, ಅಂದರೆ ಪ್ರತಿ ಚದರ ಕಿಲೋಮೀಟರಿಗೆ 15 ಜೋಡಿ. ಇತ್ತೀಚಿನ ವರ್ಷಗಳಲ್ಲಿ ಸಂಶೋಧಕ ನಿಶಾಂತ್ ಕುಮಾರ್ ಮತ್ತು ಅವರ ಜೊತೆಗಾರರು ಅದೇ ನಗರದ ಹದ್ದುಗಳ ಹಿಂದೆ ಬಿದ್ದು ಕೆಲಸ ಮಾಡಿದ್ದಾರೆ. ಅವರು ಕಂಡುಕೊಂಡದ್ದು ಕುತೂಹಲದ ಸಂಗತಿ. ಹದ್ದು ಬರೀ ಮರ ನೋಡಿ ಜಾಗ ಹಿಡಿಯುವುದಿಲ್ಲ. ಸುತ್ತ ಜನ ಎಷ್ಟು ದಟ್ಟವಾಗಿದ್ದಾರೆ, ಬೀದಿಯಲ್ಲಿ ಕಸ ಎಷ್ಟು ಸಿಗುತ್ತದೆ, ಧಾರ್ಮಿಕ ನಂಬಿಕೆಯಿಂದ ಮಾಂಸದ ಚೂರು ಮೇಲಕ್ಕೆಸೆಯುವ ಮೊಹಲ್ಲಾ ಹತ್ತಿರ ಇದೆಯೇ, ಇದೆಲ್ಲವೂ ಅದರ ಆಯ್ಕೆಯಲ್ಲಿ ಸೇರಿದೆ. ನಮ್ಮಲ್ಲೂ ನಕ್ಷೆ ಹರಡಿ ನೋಡಿ. ಕಬ್ಬನ್ ಪಾರ್ಕಿನಿಂದ ಶಿವಾಜಿನಗರದ ಮಾಂಸದ ಅಂಗಡಿಗಳಿಗೆ ಹದ್ದು ಹಾರುವ ದೂರ ಎಷ್ಟು? ಲಾಲ್‌ಬಾಗಿನಿಂದ ಕೆ.ಆರ್. ಮಾರ್ಕೆಟ್‌ಗೆ? ಎತ್ತರದ ಮರ ಒಂದು ಕಡೆ, ಊಟ ಇನ್ನೊಂದು ಕಡೆ, ಎರಡರ ನಡುವೆ ಕೆಲವೇ ನಿಮಿಷ. ಇಂಥ ಜಾಗ ಬಿಟ್ಟು ಹದ್ದು ಬೇರೆಲ್ಲಿಗೆ ಹೋಗಬೇಕು?

'ಇಲ್ಲಿ ಮರ ಹೋದರೆ ಊರ ಹೊರಗೆ ಸಸಿ ನೆಡುತ್ತೇವೆ' ಅನ್ನುವ ಮಾತು ಈ ಹಕ್ಕಿಗಳ ಮಟ್ಟಿಗೆ ಪರಿಹಾರವೇ ಅಲ್ಲ. ಊರ ಹೊರಗಿನ ಸಸಿ ಕವಲೊಡೆದು ಗೂಡು ಹೊರುವಷ್ಟು ಬಲಿಯಲು ದಶಕಗಳು ಬೇಕು. ಬಲಿತರೂ ಅದು ಬೇರೆ ಜಾಗ. ಅಲ್ಲಿ ಆಗಲೇ ಬೇರೆ ಜೋಡಿಗಳು ಇರುತ್ತವೆ.

ಶಿಕ್ರಾದ ಕಥೆ ಇದಕ್ಕೆ ತಿರುಗಾಮುರುಗ. ಅದರ ರೆಕ್ಕೆ ಗಿಡ್ಡ, ತುದಿ ದುಂಡಗೆ. ಬಾಲ ಉದ್ದ. ಕೊಂಬೆಗಳ ನಡುವೆ ಸರಕ್ಕನೆ ತಿರುಗಿ ಬೇಟೆಯಾಡುವ ಮೈಕಟ್ಟು ಅದು. ಬಯಲಿನ ಮರ ಅದಕ್ಕೆ ಬೇಡ. ಎಲೆ ತುಂಬಿದ ಮರ, ಪಕ್ಕದಲ್ಲೂ ಮರ, ಮೇಲೆ ನೆರಳಿನ ಚಪ್ಪರ ಇರುವ ಕವಲು ಬೇಕು. ಕಾಗೆ ಗೂಡಿನಂಥದ್ದೇ ಗೂಡು, ಒಳಗೆ ಹುಲ್ಲಿನ ಹಾಸು. ಗಂಡು ಹೆಣ್ಣು ಎರಡೂ ಸೇರಿ ಕಟ್ಟುತ್ತವೆ. ಕಡ್ಡಿಯನ್ನು ಕೊಕ್ಕಿನಲ್ಲಲ್ಲ, ಕಾಲಿನಲ್ಲಿ ಹಿಡಿದು ತರುತ್ತವೆ. ನೋಡಿದವರಿಗೆ ಗೊತ್ತು, ಎಷ್ಟು ಚಂದ ಆ ಕೆಲಸ! ಕಾಗೆ ಕಾಣದ ಹಾಗೆ, ಹದ್ದು ಕಾಣದ ಹಾಗೆ, ಮಧ್ಯಾಹ್ನದ ಬಿಸಿಲು ಬೀಳದ ಹಾಗೆ ಗೂಡು ಮರೆಯಲ್ಲಿರಬೇಕು. ಶಿಕ್ರಾ ಮೊಟ್ಟೆ ಇಡುವುದು ಮಾರ್ಚ್‌ನಿಂದ ಜೂನ್ ನಡುವೆ. ಬೆಂಗಳೂರಿನ ಕಡು ಬಿಸಿಲಿನ ಕಾಲವೇ ಅದು.

ಈಗ ಅಲ್ಲಿಗೆ ಗರಗಸ ಬರುತ್ತದೆ. ಗೂಡಿರುವ ಕೊಂಬೆಯನ್ನು ಯಾರೂ ಮುಟ್ಟಲಿಲ್ಲ ಅಂತಲೇ ಇಟ್ಟುಕೊಳ್ಳಿ. ಅದರ ಮೇಲಿನ ಎರಡು ಕೊಂಬೆ ಮಾತ್ರ ಹೋದವು. ಕೆಲಸ ಮಾಡಿದವರು ಗೂಡು ಉಳಿಸಿದೆವು ಅಂತ ನೆಮ್ಮದಿಯಿಂದ ಹೋಗಬಹುದು. ಆದರೆ ಉಳಿದದ್ದು ಗೂಡಿನ ಕಡ್ಡಿಗಳು ಮಾತ್ರ. ಹಕ್ಕಿ ಆರಿಸಿಕೊಂಡಿದ್ದ ನೆರಳು ಹೋಯಿತು, ಮರೆ ಹೋಯಿತು. ಮರಿಗಳ ಮೈಮೇಲೆ ನೇರ ಬಿಸಿಲು. ಕಾಗೆಗಳಿಗೆ ದೂರದಿಂದಲೇ ಎಲ್ಲ ಕಾಣುತ್ತದೆ. ತಾಯಿ ಬೇಟೆಗೆ ಹೋಗುವ ಹಾಗಿಲ್ಲ, ರೆಕ್ಕೆ ಹರಡಿ ನೆರಳು ಮಾಡಿಕೊಂಡು ಕೂರಬೇಕು. ಗೂಡು ಅಂದರೆ ಕಡ್ಡಿ ರಾಶಿಯಷ್ಟೇ ಅಲ್ಲ, ಅದರ ಸುತ್ತಲಿನ ಕೊಂಬೆ, ಎಲೆ, ಹಾರಿ ಬರುವ ದಾರಿ ಎಲ್ಲವೂ ಸೇರಿದ್ದು. ಈ ಒಂದು ಮಾತು ಕೊಂಬೆ ಸವರುವ ಗುತ್ತಿಗೆದಾರರ ಟೆಂಡರ್ ಷರತ್ತಿನಲ್ಲಿ ಬರಬೇಕು ಅಂತ ನನ್ನ ಆಸೆ.

ಹಾಲಕ್ಕಿಯದ್ದು ಇನ್ನೂ ಕಷ್ಟ. ಅದು ಕಡ್ಡಿ ಗೂಡು ಕಟ್ಟುವುದಿಲ್ಲ, ಸಾಮಾನ್ಯವಾಗಿ ಹಳೆಯ ಮರದ ಪೊಟರೆ ಹುಡುಕುತ್ತದೆ. ಪೊಟರೆ ಆಗುವುದು ಮರ ಮುದಿಯಾದ ಮೇಲೆ, ಹಿಂದೆಂದೋ ಮುರಿದ ಕೊಂಬೆಯ ಜಾಗ ಕೊಳೆತು ಟೊಳ್ಳಾದ ಮೇಲೆ. ಅದಕ್ಕೂ ಗಿಳಿ, ಮೈನಾಗಳ ಜೊತೆ ಪೈಪೋಟಿ. ನಾವು ಮಾಡುವುದೇನು? 'ಟೊಳ್ಳು ಮರ, ಬೀಳುತ್ತದೆ' ಅಂತ ಪಟ್ಟಿಯಲ್ಲಿ ಮೊದಲು ಅದನ್ನೇ ಬರೆಯುತ್ತೇವೆ. ಇಲ್ಲದಿದ್ದರೆ ಪೊಟರೆಗೆ ಸಿಮೆಂಟು ತುಂಬುತ್ತೇವೆ. ಟೊಳ್ಳಿರುವ ಮರವೆಲ್ಲ ಬೀಳುವ ಮರವಲ್ಲ. ಬೇರು ಗಟ್ಟಿಯಿದ್ದು, ಕಾಂಡದ ಸುತ್ತ ಜೀವಂತ ಮರ ಸಾಕಷ್ಟಿದ್ದರೆ ಅದು ವರ್ಷಾನುಗಟ್ಟಲೆ ನಿಲ್ಲುತ್ತದೆ. ಓಡಾಟ ಕಡಿಮೆ ಇರುವ ಮೂಲೆಯ ಒಣ ಮರವನ್ನಾದರೂ ಅದರ ಪಾಡಿಗೆ ಬಿಡಬಹುದಲ್ವಾ? ಗೂಬೆ ಅಪಶಕುನ ಅನ್ನುವ ಮಾತು ಇನ್ನೂ ಕೆಲವರಲ್ಲಿದೆ. ಪಾರ್ಕಿನ ಇಲಿ, ಹುಳುಹುಪ್ಪಟೆ ತಿಂದು ಬದುಕುವ ಹಕ್ಕಿ ಅದು. ಅದರ ಮನೆ ಮುಚ್ಚಿ ಆಮೇಲೆ ಇಲಿ ಪಾಷಾಣ ಇಡುವುದರಲ್ಲಿ ಯಾವ ಅರ್ಥವೂ ಇಲ್ಲ. ಎಷ್ಟೋ ಬಗೆಯ ಪಾಷಾಣ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ಓಡಾಡುತ್ತದೆ. ಗೂಬೆ, ಹದ್ದುಗಳಿಗೆ ಮೊದಲು ಸಿಗುವುದೇ ಅಂಥ ಇಲಿ. ವಿಷ ಅವುಗಳ ಹೊಟ್ಟೆಗೂ ಹೋಗುತ್ತದೆ.

ಅಧಿಕಾರಿಗಳ ಮೇಲಿರುವ ಒತ್ತಡ ನನಗೆ ಅರ್ಥವಾಗುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಬೆಂಗಳೂರಿನಲ್ಲಿ ಮರ ಉರುಳುತ್ತವೆ. ಜನ ಸತ್ತಿದ್ದಾರೆ. ಯಾರೂ ಅದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಹಾಗಾಗಿಯೇ ಮಳೆಗಾಲಕ್ಕೆ ಮುಂಚಿನ ತಯಾರಿ ಅಂತ ಮಾರ್ಚ್‌ನಲ್ಲಿ ಕೊಂಬೆ ಸವರುವ ಕೆಲಸ ಜೋರಾಗುತ್ತದೆ. ನನ್ನ ಪ್ರಶ್ನೆ ಇಷ್ಟೇ: ಏಪ್ರಿಲ್ ಮಳೆಗೆ ಮರ ತಯಾರಾಗಿರಬೇಕಾದರೆ ಆ ಕೆಲಸ ಹಿಂದಿನ ನವೆಂಬರ್‌ನಲ್ಲೇ ಮುಗಿದಿದ್ದರೆ ಆಗದೇ? ಮುಂಗಡವಾಗಿ ನಿಧಾನಕ್ಕೆ ಒಂದೊಂದೇ ಮರ ನೋಡಿ ಕಡಿದರೆ ಕೆಲಸವೂ ಚೊಕ್ಕಟ. ಮಾರ್ಚ್‌ನ ಅವಸರದಲ್ಲಿ ಒಂದೇ ಪಕ್ಕದ ಕೊಂಬೆಗಳನ್ನೆಲ್ಲ ಬೋಳಿಸಿ ಹೋದರೆ ಮರದ ತೂಕ ಇನ್ನೊಂದು ಪಕ್ಕಕ್ಕೆ ವಾಲುತ್ತದೆ. ಬೇರಿನ ಬುಡಕ್ಕೆ ಕಾಂಕ್ರೀಟು ಹಾಕಿ, ಪೈಪಿಗೆ ಕಾಲುವೆ ತೋಡಿ ಬೇರು ಕತ್ತರಿಸಿ, ಆಮೇಲೆ ತಪ್ಪು ಕೊಂಬೆಯದ್ದು ಅನ್ನುವುದು ಸರಿಯಲ್ಲ.

ಹಕ್ಕಿಗಳ ಲೆಕ್ಕ ಒಮ್ಮೆ ಕೂಡಿಸಿ ನೋಡಿ. ಹದ್ದು ಜನವರಿ, ಫೆಬ್ರವರಿಯಲ್ಲಿ ಮೊಟ್ಟೆ ಇಡಲು ಶುರು ಮಾಡುತ್ತದೆ. ಎರಡೋ ಮೂರೋ ಮೊಟ್ಟೆ. ಕಾವಿಗೆ ಒಂದು ತಿಂಗಳಿಗೂ ಜಾಸ್ತಿ ಹಿಡಿಯಬಹುದು. ಮರಿ ಗೂಡಿನಲ್ಲಿ ಹೆಚ್ಚುಕಡಿಮೆ ಎರಡು ತಿಂಗಳು. ಮುಂಗಾರು ಹಿಡಿಯುವ ಮುಂಚೆ ಮರಿ ರೆಕ್ಕೆ ಬಲಿತು ಹಾರಬೇಕು. ಗರುಡ ಡಿಸೆಂಬರ್‌ನಿಂದ ಏಪ್ರಿಲ್. ಶಿಕ್ರಾ ಮಾರ್ಚ್‌ನಿಂದ ಜೂನ್. ನಾವು ಗರಗಸ ಹಿಡಿದು ಮೇಲೆ ಹತ್ತುವ ತಿಂಗಳು ಮೂರಕ್ಕೂ ಗೂಡಿನ ತಿಂಗಳೇ. ಹೋದ ಗೂಡನ್ನು ಅದೇ ವರ್ಷ ಮತ್ತೆ ಕಟ್ಟಿ ಮರಿ ಮಾಡುವಷ್ಟು ಸಮಯ ಆಮೇಲೆ ಉಳಿಯುವುದಿಲ್ಲ.

'ಗೂಡನ್ನು ಪಕ್ಕದ ಮರಕ್ಕೆ ಸಾಗಿಸಿದರೆ ಆಯಿತಲ್ಲ' ಅನ್ನುವವರಿಗೆ ನ್ಯೂಯಾರ್ಕಿನ ಒಂದು ಘಟನೆ ಹೇಳಬೇಕು. ಅಲ್ಲಿನ ಸೆಂಟ್ರಲ್ ಪಾರ್ಕಿನ ಎದುರಿನ ಕಟ್ಟಡವೊಂದರ ಮೇಲೆ ಕೆಂಬಾಲದ ಗಿಡುಗವೊಂದು ಗೂಡು ಕಟ್ಟಿತ್ತು. ಜನ ಅದಕ್ಕೆ ಪೇಲ್ ಮೇಲ್ ಅಂತ ಹೆಸರಿಟ್ಟಿದ್ದರು. ಆ ಅಂಚಿನಲ್ಲಿ ಪಾರಿವಾಳ ಕೂರದಿರಲಿ ಅಂತ ಕಬ್ಬಿಣದ ಮೊಳೆಗಳನ್ನು ನೆಟ್ಟಿದ್ದರು. ಅದೇ ಮೊಳೆಗಳು ಗಿಡುಗದ ಕಡ್ಡಿಗಳನ್ನು ಗಾಳಿಗೆ ಬೀಳದಂತೆ ಹಿಡಿದಿದ್ದವು. 2004ರ ಡಿಸೆಂಬರ್‌ನಲ್ಲಿ ಕಟ್ಟಡದವರು ಗೂಡನ್ನೂ ಮೊಳೆಗಳನ್ನೂ ಕಿತ್ತುಹಾಕಿದರು. ಜನ ರಸ್ತೆಗೆ ಬಂದು ಪ್ರತಿಭಟಿಸಿದರು. ಅದೇ ತಿಂಗಳು ಅಲ್ಲಿಗೆ ಉಕ್ಕಿನ ತೊಟ್ಟಿಲಿನಂಥ ಚೌಕಟ್ಟು, ಮೊಳೆಗಳು ವಾಪಸು ಬಂದವು. ಗಿಡುಗವೂ ಬಂತು. ಆದರೆ ಮುಂದಿನ ಕೆಲವು ವರ್ಷ ಆ ಗೂಡಿನಲ್ಲಿ ಮರಿ ಆಗಲಿಲ್ಲ. ಅಷ್ಟು ದುಡ್ಡು, ಅಷ್ಟು ಎಂಜಿನಿಯರುಗಳು, ಅಷ್ಟು ಪ್ರೀತಿ ಇದ್ದ ಊರಿನಲ್ಲೇ ಹೀಗಾಯಿತು. ಹಕ್ಕಿ ಆರಿಸಿದ ಜಾಗವನ್ನು ಮುಟ್ಟದಿರುವುದೇ ಸುಲಭ, ಅಗ್ಗ ಕೂಡ.

ಹದ್ದು ತಲೆಗೆ ಕುಕ್ಕಲು ಬರುತ್ತದೆ, ಗೂಡು ತೆಗೆಸಿ ಅನ್ನುವ ದೂರುಗಳೂ ನಿಮಗೆ ಬರುತ್ತವೆ, ಗೊತ್ತು. ಮರಿ ಇರುವಾಗ ಕೆಲವು ಹದ್ದುಗಳು ಹಾಗೆ ಎರಗುವುದು ನಿಜ. ಹೆದರಿಕೆ ಆಗುವುದೂ ನಿಜ, ಅದರಲ್ಲೂ ವಯಸ್ಸಾದವರಿಗೆ, ಮಕ್ಕಳಿಗೆ. ಆದರೆ ಎಲ್ಲ ಜೋಡಿಯೂ ಹಾಗೆ ಮಾಡುವುದಿಲ್ಲ, ವರ್ಷವಿಡೀ ಅಂತೂ ಮಾಡುವುದಿಲ್ಲ. ಮನುಷ್ಯರು ಊಟ ಹಾಕಿ, ಕಸ ಚೆಲ್ಲಿ ಅಭ್ಯಾಸ ಮಾಡಿಸಿದ ಕಡೆ ಹದ್ದಿಗೆ ನಮ್ಮ ಭಯ ಕಡಿಮೆಯಾಗಿ ಎರಗುವುದು ಜಾಸ್ತಿ ಅಂತ ದೆಹಲಿಯ ಅದೇ ಅಧ್ಯಯನ ತಂಡ ತೋರಿಸಿದೆ. ಆ ಮರದ ಕೆಳಗಿನ ದಾರಿಯನ್ನು ಕೆಲವು ವಾರ ಹಗ್ಗ ಕಟ್ಟಿ ಮುಚ್ಚಿ. 'ಮೇಲೆ ಮರಿ ಇದೆ, ಆ ಕಡೆಯಿಂದ ಹೋಗಿ' ಅಂತ ಕನ್ನಡದಲ್ಲಿ ಒಂದು ಫಲಕ ಹಾಕಿ. ಆ ದಾರಿಯಲ್ಲೇ ಹೋಗಬೇಕಾದವರು ಕೊಡೆ ಬಿಚ್ಚಿ ಹಿಡಿದರೆ ಸಾಕು. ಇಷ್ಟಕ್ಕೆ ದೊಡ್ಡ ಬಜೆಟ್ ಬೇಡ.

ಕಾನೂನು ನಿಮಗೆ ನಾನು ಹೇಳಿಕೊಡಬೇಕಿಲ್ಲ, ಆದರೂ ನೆನಪಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಯ ಮೊಟ್ಟೆ ಹಾಳು ಮಾಡುವುದು, ಮೊಟ್ಟೆ ಅಥವಾ ಗೂಡನ್ನು ಕದಲಿಸುವುದು ಕೂಡ ಬೇಟೆಯ ಲೆಕ್ಕಕ್ಕೇ ಬರುತ್ತದೆ. ಆ ಹಕ್ಕಿ ಕಾಡಿನಲ್ಲಿದ್ದರೆ ಮಾತ್ರ ಅಂತ ಅಲ್ಲಿ ಬರೆದಿಲ್ಲ. ಕಬ್ಬನ್ ಪಾರ್ಕು, ಲಾಲ್‌ಬಾಗುಗಳಿಗೆ 1975ರ ಸರ್ಕಾರಿ ಉದ್ಯಾನಗಳ ಕಾಯ್ದೆ ಇದೆ. ಮರಗಳಿಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಮರ ಗಣತಿ ಮಾಡುವುದೂ ಆ ಕಾಯ್ದೆಯಲ್ಲೇ ಇರುವ ಕರ್ತವ್ಯ. ಮರದ ಜಾತಿ, ಸುತ್ತಳತೆ ಬರೆಯುವ ಆ ಪಟ್ಟಿಗೆ ಇನ್ನೊಂದು ಅಂಕಣ ಸೇರಿಸಿ: ಗೂಡು ಇದೆಯೇ, ಪೊಟರೆ ಇದೆಯೇ. 2025ರಲ್ಲಿ ಒಂದಿದ್ದ ಪಾಲಿಕೆ ಐದಾಗಿದೆ. ಯಾವ ಮರ ಯಾರ ವ್ಯಾಪ್ತಿ ಅನ್ನುವ ಗೊಂದಲ ಇನ್ನೂ ಜಾಸ್ತಿಯಾಗದಿರಲು ಇಂಥ ಪಟ್ಟಿ ನಿಮಗೂ ಉಪಯೋಗಕ್ಕೆ ಬರುತ್ತದೆ.

ಪಾರ್ಕಿಗೆ ಬರುವ ನಾವೂ ಸುಮ್ನೆ ಇಲಾಖೆಯನ್ನು ದೂರಿ ಕೂರುವ ಹಾಗಿಲ್ಲ. ಹಕ್ಕಿಗೆ ಪುಣ್ಯ ಅಂತ ಮಾಂಸ, ಮಿಕ್ಸ್ಚರ್, ಬ್ರೆಡ್ ಎಸೆಯುವುದನ್ನು ನಿಲ್ಲಿಸೋಣ. ಒಳ್ಳೆಯ ಫೋಟೋ ಬೇಕು ಅಂತ ಗೂಡಿನ ಹತ್ತಿರ ಡ್ರೋನ್ ಹಾರಿಸುವವರನ್ನು ತಡೆಯೋಣ. ಶಿಕ್ರಾ ಗೂಡು ಕಂಡರೆ ಅದರ ಜಾಗವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಮರುದಿನವೇ ಅಲ್ಲಿ ಕ್ಯಾಮೆರಾಗಳ ಸಾಲು ನಿಲ್ಲುತ್ತದೆ. ಗಾಳಿಪಟದ ಮಾಂಜಾ ದಾರದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನೈಲಾನ್ ಮಾಂಜಾವನ್ನು ನಿಷೇಧಿಸಿದ್ದು 2017ರಲ್ಲಿ. ಇಂದಿಗೂ ಮರಗಳಲ್ಲಿ ಅದು ನೇತಾಡುತ್ತದೆ. ರೆಕ್ಕೆ ಕತ್ತರಿಸಿಕೊಂಡ ಹದ್ದು ನರಳುತ್ತಾ ನೇತುಬಿದ್ದಿರುವುದನ್ನು ಒಮ್ಮೆ ನೋಡಿದವರು ಆ ದಾರ ಮಾರುವ ಅಂಗಡಿಯ ಮುಂದೆ ಸುಮ್ಮನೆ ಹೋಗಲಾರರು. ಕೊಂಬೆಗಳಲ್ಲಿ ಸಿಕ್ಕ ಮಾಂಜಾ ಬಿಡಿಸುವ ಕೆಲಸವನ್ನೂ ಜುಲೈಯಿಂದ ನವೆಂಬರ್‌ನ ಕೆಲಸದ ಪಟ್ಟಿಗೆ ಸೇರಿಸಿ.

ಗಾಳಿಗೆ ಮರಿ ಕೆಳಗೆ ಬಿದ್ದರೆ ಮನೆಗೆ ಒಯ್ದು ಹಾಲು ಕುಡಿಸಬೇಡಿ. ಗಾಯ ಇಲ್ಲದಿದ್ದರೆ ಒಂದು ಬುಟ್ಟಿಯಲ್ಲಿಟ್ಟು ಅದೇ ಮರದಲ್ಲಿ ಎತ್ತರಕ್ಕೆ ಕಟ್ಟಿದರೆ ತಂದೆ ತಾಯಿ ಬಂದು ಉಣಿಸುತ್ತವೆ. ಗಾಯ ಇದ್ದರೆ ವನ್ಯಜೀವಿ ರಕ್ಷಣಾ ತಂಡಕ್ಕೆ ಫೋನ್ ಮಾಡಿ.

ಅಧಿಕಾರಿಗಳಲ್ಲಿ ಕೊನೆಯ ಮಾತು. ಗೂಡು ಹುಡುಕುವುದಕ್ಕೆ ಜನ ಇಲ್ಲ ಅನ್ನುವುದಾದರೆ ನಾವಿದ್ದೇವೆ. ಬೆಂಗಳೂರಿನಲ್ಲಿ ಹಕ್ಕಿ ನೋಡುವವರು ಎಷ್ಟೋ ಮಂದಿ ಇದ್ದಾರೆ. ಕಾಲೇಜು ಹುಡುಗ ಹುಡುಗಿಯರಿದ್ದಾರೆ, ನಿವೃತ್ತರಿದ್ದಾರೆ. ಪಾರ್ಕಿನ ಮಾಲಿಗಳಿಗೂ ಕಾವಲುಗಾರರಿಗೂ ಯಾವ ಮರದಲ್ಲಿ ಯಾವ ಹಕ್ಕಿ ಅಂತ ನಮಗಿಂತ ಚೆನ್ನಾಗಿ ಗೊತ್ತು, ಅವರನ್ನು ಕೇಳಿದರೆ ಅರ್ಧ ಕೆಲಸ ಮುಗಿಯಿತು. ಅಕ್ಟೋಬರ್‌ನಲ್ಲಿ ಒಂದು ಸಭೆ ಕರೆಯಿರಿ. ಎರಡು ವಾರದಲ್ಲಿ ದೊಡ್ಡ ಪಾರ್ಕುಗಳ ಹಳೆಯ ಗೂಡು, ಪೊಟರೆಗಳ ನಕ್ಷೆ ಮಾಡಿಕೊಡುತ್ತೇವೆ, ದುಡ್ಡು ಬೇಡ. ಆ ನಕ್ಷೆ ನೋಡಿಕೊಂಡು ಯಾವ ಮರದ ಕೊಂಬೆ ಯಾವಾಗ ಸವರಬೇಕು ಅಂತ ನೀವೇ ತೀರ್ಮಾನಿಸಿ, ಮುಂದಿನ ಟೆಂಡರ್ ಕರೆಯುವಾಗ ಆ ತಿಂಗಳುಗಳನ್ನು ಷರತ್ತಿನಲ್ಲಿ ಬರೆಯಿರಿ. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ಬೆಂಗಳೂರಿನ ಪಾರ್ಕುಗಳಲ್ಲಿ ಹಕ್ಕಿ ನೋಡುವ ಒಬ್ಬ ನಾಗರಿಕ